ಕೊಲೆಗಾರ ಗೊತ್ತು... ತಪ್ಪುಗಾರ ಯಾರು?

ಬೈಲಹೊಂಗಲದ 'ಸಂಗ್ಯಾ ಬಾಳ್ಯಾ' ನೋಡಿದವರ ನಾಲ್ಕು ಪಕ್ಷ!

ಸಸ್ಪೆನ್ಸ್ ಪಿಕ್ಚರ್ ಅಂದರೆ ಏನು? ಕೊನೆಯ ರೀಲಿನ ತನಕ ಕೊಲೆಗಾರ ಯಾರೆಂದು ಗೊತ್ತಾಗಬಾರದು. ಗೊತ್ತಾದ ಮೇಲೆ ಟಿಕೆಟ್ ಸಾಲಿನಲ್ಲಿ ನಿಂತವನಿಗೆ ಹೇಳಬಾರದು!

ಆದರೆ ಬೈಲಹೊಂಗಲ ಸೀಮೆಯಲ್ಲಿ ಒಂದು ಥ್ರಿಲ್ಲರ್ ಇದೆ. ಯಾರು ಸಾಯುತ್ತಾನೆ, ಯಾರು ಕೊಲ್ಲುತ್ತಾರೆ, ಯಾರು ಮೋಸ ಮಾಡುತ್ತಾನೆ, ಎಲ್ಲವೂ ಸಣ್ಣ ಹುಡುಗರಿಗೂ ಗೊತ್ತು. ಆದರೂ ಜನ ಚಾಪೆ ಹಾಸಿಕೊಂಡು ಬೆಳತನಕ ಕೂತು ನೋಡುತ್ತಾರೆ. ನಡುರಾತ್ರಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕೋಳಿ ಕೂಗುವ ಹೊತ್ತಿಗೆ ಗಂಟಲು ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಅದೇ 'ಸಂಗ್ಯಾ ಬಾಳ್ಯಾ'!

ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ 'ಇನ್‌ಸೈಡ್ ನಂಬರ್ ನೈನ್' ಎಂಬ ಧಾರಾವಾಹಿ 2014ರಿಂದ 2024ರವರೆಗೆ ಬಂತು. ಒಂದೊಂದು ಕಂತಿಗೆ ಒಂದೊಂದು ಕಥೆ. ಅರ್ಧ ತಾಸು ನಗಿಸಿ ಕೊನೆಗೆ ಎದೆ ಝಲ್ಲೆನ್ನಿಸುವ ಆಟ. ಇದನ್ನು 'ಕಪ್ಪು ಹಾಸ್ಯ' ಎಂದು ಕರೆದು ದೊಡ್ಡ ದೊಡ್ಡವರು ಕೊಂಡಾಡುತ್ತಾರೆ. ಕೊಂಡಾಡಲಿ, ಬೇಡ ಅಂದವರು ಯಾರು? ಆದರೆ ನಮ್ಮ ಸಣ್ಣಾಟದವರು ಇದೇ ವಿದ್ಯೆಯನ್ನು ಕಂದೀಲಿನ ಬೆಳಕಿನಲ್ಲೇ ಮಾಡಿ ತೋರಿಸಿದ್ದರಲ್ಲ!

ದೊಡ್ಡಾಟಕ್ಕೆ ಕಿರೀಟ ಬೇಕು, ಭುಜಕೀರ್ತಿ ಬೇಕು, ದೇವರು ದೈತ್ಯರು ಬೇಕು. ಸಣ್ಣಾಟಕ್ಕೆ ಅದ್ಯಾವುದೂ ಬೇಡ. ಧೋತರ ರುಮಾಲು ಸುತ್ತಿದ ನಮ್ಮ ನಿಮ್ಮಂಥವರೇ ಹೀರೋ, ನಮ್ಮ ನಿಮ್ಮಂಥವರೇ ವಿಲನ್. ಹಾರ್ಮೋನಿಯಂ, ತಾಳ, ಹಿಂದೆ ನಿಂತು ಪಲ್ಲವಿ ಎತ್ತುವ ಮೇಳ. ಮುಗಿಯಿತು!

ಕಥೆ ಇಷ್ಟು

ಸಂಗ್ಯಾ ಸಾವುಕಾರ. ಬಾಳ್ಯಾ ಅವನ ಜೀವದ ಗೆಳೆಯ. ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನ ಕಣ್ಣು ಬೀಳುತ್ತದೆ. ಪಾರವ್ವ ಎಂಬ ಮುದುಕಿಯನ್ನು ನಡುವೆ ಬಿಟ್ಟು ಮಾತು ಕಳಿಸುತ್ತಾನೆ. ಗಂಗಿ ಮುದುಕಿಯನ್ನು ಬೈದು ಅಟ್ಟುತ್ತಾಳೆ. ಆದರೆ ಈರಣ್ಣ ವ್ಯಾಪಾರಕ್ಕೆ ಊರು ಬಿಟ್ಟಾಗ ಆಗಬಾರದ್ದು ಆಗಿಹೋಗುತ್ತದೆ. ಸುದ್ದಿ ಈರಣ್ಣನ ಕಿವಿಗೆ ಬೀಳುತ್ತದೆ. ಅವನೂ ಅವನ ಅಣ್ಣತಮ್ಮಂದಿರೂ ಸಂಚು ಹೂಡುತ್ತಾರೆ. ಸಂಗ್ಯಾನನ್ನು ಅವರ ಕೈಗೆ ಒಪ್ಪಿಸುವವನು ಯಾರು? ಅದೇ ಬಾಳ್ಯಾ!

ಇದು ಕಟ್ಟುಕಥೆಯಲ್ಲ, 19ನೇ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಡೆದ ಕೊಲೆಯೇ ಆಟವಾಯಿತು ಎಂದು ಈ ಕಡೆಯ ಜನ ಹೇಳುತ್ತಾರೆ. ಪತ್ತಾರ ಮಾಸ್ತರ ಕಟ್ಟಿದ್ದು ಎಂಬ ಮಾತೂ ಇದೆ. ಮೇಳದಿಂದ ಮೇಳಕ್ಕೆ ಮಾತು ಬೇರೆಯಾಗುತ್ತದೆ, ಎಳೆ ಮಾತ್ರ ಒಂದೇ. ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಅಚ್ಚಿಗೆ ತಂದರು. ಮುಂದೆ ಪಟ್ಟಣದ ರಂಗಮಂದಿರಗಳಲ್ಲೂ ಇದು ಮೆರೆಯಿತು. 1992ರಲ್ಲಿ ಸುಂದರಕೃಷ್ಣ ಅರಸ್ ನಿರ್ದೇಶನದಲ್ಲಿ ಬೆಳ್ಳಿತೆರೆಗೂ ಬಂತು.

ಚಹಾದಂಗಡಿಯ ಕೋರ್ಟು

ಬೈಲಹೊಂಗಲದ ಬಜಾರಿನಲ್ಲಾಗಲಿ, ಕಿತ್ತೂರಿನ ಕೋಟೆಯ ಬಳಿಯಾಗಲಿ, ಎಲ್ಲಮ್ಮನ ಜಾತ್ರೆಗೆ ಹೊರಟ ಸವದತ್ತಿ ಬಸ್ಸಿನಲ್ಲಾಗಲಿ, ರಾಮದುರ್ಗದ ಮಗ್ಗದ ಮನೆಗಳ ಮುಂದಾಗಲಿ, ಈ ಆಟದ ಮಾತು ತೆಗೆದು ನೋಡಿ. ಕೂತಲ್ಲೇ ಕೋರ್ಟು ಶುರು!

ಮೊದಲನೆಯದು ಸಂಗ್ಯಾನ ಪಕ್ಷ. ಪಡ್ಡೆ ಹುಡುಗರೆಲ್ಲ ಇಲ್ಲೇ. "ಮನಸ್ಸು ಕೊಟ್ಟಾನ್ರೀ ಅಂವಾ, ಜೀವಾನೂ ಕೊಟ್ಟಾನ. ಇದಕ್ಕಿಂತ ಹೆಚ್ಚಿಗಿ ಏನ್ ಕೊಡಬೇಕು?" ಎಂಬುದು ಇವರ ವಾದ. ಸಂಗ್ಯಾ ಹಾಡಲು ನಿಂತರೆ ಸೀಟಿ, ಬಕ್ಷೀಸು!

ಎರಡನೆಯದು ಈರಣ್ಣನ ಪಕ್ಷ. ವಯಸ್ಸಾದವರು, ಸಂಸಾರಸ್ಥರು. "ನಂಬಿದ ಮನೀಗೇ ಬೆಂಕಿ ಹಚ್ಚಿದವಗ ಆರತಿ ಎತ್ತಬೇಕಿತ್ತೇನು?" ಎನ್ನುತ್ತಾರೆ. ಆದರೆ ಕೊಡಲಿ ಎತ್ತಿದ್ದು ಸರಿಯೇ ಎಂದು ತಿರುಗಿ ಕೇಳಿದರೆ ಇವರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಮೂರನೆಯವನು ಬಾಳ್ಯಾ. ಇವನಿಗೆ ಪಕ್ಷವೇ ಇಲ್ಲ! ಕೊಂದವನಿಗೆ ವಕೀಲರು ಸಿಗುತ್ತಾರೆ, ದೋಸ್ತನನ್ನು ಒಪ್ಪಿಸಿದವನಿಗೆ ಸಿಗುವುದಿಲ್ಲ. ಆದರೆ ಗಮನಿಸಿ: ಆಟದ ಮೊದಲರ್ಧದಲ್ಲಿ ನಮ್ಮನ್ನು ಹೆಚ್ಚು ನಗಿಸುವವರಲ್ಲಿ ಇವನೂ ಒಬ್ಬ. ಪಾರವ್ವನ ಜತೆ ಇವನ ಮಾತಿಗೆ ನಕ್ಕು ನಕ್ಕು ಸುಸ್ತಾದವರೇ ಬೆಳಗಿನ ಜಾವ ಇವನಿಗೆ ಶಾಪ ಹಾಕುತ್ತಾರೆ. ನಗಿಸಿದ ಕೈಯಲ್ಲೇ ಕತ್ತು ಹಿಡಿಸುವುದು, ಕಪ್ಪು ಹಾಸ್ಯ ಅಂದರೆ ಇದೇ ತಾನೇ?

ಗಂಗಿಯ ಪಕ್ಷ ಎಲ್ಲಿ?

ನಾಲ್ಕನೆಯ ಪಕ್ಷ ಗಂಗಿಯದು. ಇದು ಗಂಡಸರ ಚಹಾದಂಗಡಿಯಲ್ಲಿ ಕಾಣುವುದಿಲ್ಲ. ಮೈದಾನದ ಇನ್ನೊಂದು ಮಗ್ಗುಲಲ್ಲಿ, ಸೆರಗು ಹೊದ್ದು ಕೂತ ಹೆಂಗಸರ ನಡುವೆ ಇದೆ. "ಆಕಿ ಮೊದಲ ಬ್ಯಾಡ ಅಂದಿದ್ಲಲ್ಲಾ" ಎಂಬ ಒಂದೇ ಮಾತು ಇವರದು.

ಓದುಗ ಮಿತ್ರರೇ, ಈ ಒಂದು ಮಾತನ್ನು ಸ್ವಲ್ಪ ಕೇಳಿಸಿಕೊಳ್ಳೋಣ. ಗಂಗಿ ಮುದುಕಿಯನ್ನು ಅಟ್ಟಿದಾಗಲೇ ಸಂಗ್ಯಾ ಮನೆ ಸೇರಿದ್ದರೆ ಕೊಲೆಯೂ ಇಲ್ಲ, ಆಟವೂ ಇಲ್ಲ. 'ಬೇಡ' ಎಂದವಳ ಬೆನ್ನು ಬಿಡದವನಿಗೆ ನಾವು ಪ್ರೇಮಿ ಎಂಬ ಪದವಿ ಕೊಟ್ಟು ಸೀಟಿ ಹೊಡೆಯುತ್ತೇವೆ. ನಮ್ಮ ಪಿಕ್ಚರುಗಳಲ್ಲೂ ಎಷ್ಟು ಹೀರೋಗಳು ಕಾಲೇಜು ಗೇಟಿನಿಂದ ಮನೆಯ ಗೇಟಿನ ತನಕ ಹಿಂಬಾಲಿಸಿ ಗೆದ್ದಿಲ್ಲ! ಅಲ್ಲಿ ಕೊನೆಗೆ ಡ್ಯುಯೆಟ್ಟು. ಸಣ್ಣಾಟದಲ್ಲಿ ಕೊನೆಗೆ ಹೆಣ. ಸಂಗ್ಯಾನನ್ನು ಚೆಂದ ಹಾಡಿಸುತ್ತದೆ, ಆದರೆ ಗೆಲ್ಲಿಸುವುದಿಲ್ಲ. ಈರಣ್ಣನಿಗೂ ಹಾರ ಹಾಕುವುದಿಲ್ಲ. ಈ ಧೈರ್ಯಕ್ಕೇ ಇಷ್ಟು ವರ್ಷ ಬಾಳಿದೆ ಎಂದರೆ ತಪ್ಪೇನು?

ಗಾಂಧಿನಗರಕ್ಕೆ ಒಂದು ಪ್ರಶ್ನೆ

ಕನ್ನಡದ ಪ್ರೇಕ್ಷಕ ಇಂಥದ್ದನ್ನು ನೋಡುವುದಿಲ್ಲ ಎನ್ನುವವರಿಗೆ ಉತ್ತರ ಆಗಲೇ ಸಿಕ್ಕಿದೆ. ಶಂಕರನಾಗ್ 1980ರಲ್ಲಿ 'ಮಿಂಚಿನ ಓಟ' ಮಾಡಿದರು. ಕಾರು ಕಳ್ಳರ ಕಥೆ. ನಗಿಸುತ್ತಲೇ ಹೋಗಿ ಕೊನೆಗೆ ಎದೆ ಹಿಂಡಿತು. 1989ರಲ್ಲಿ ಸುನೀಲ್‌ಕುಮಾರ್ ದೇಸಾಯಿ ಹಾಡೇ ಇಲ್ಲದ 'ತರ್ಕ' ಕೊಟ್ಟು ಗೆದ್ದರು. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' 2014ರಲ್ಲಿ ಥಿಯೇಟರಿನಲ್ಲಿ ಬೇಗ ಸೊರಗಿದರೂ ಆಮೇಲೆ ಅಭಿಮಾನಿಗಳ ದಂಡನ್ನೇ ಕಟ್ಟಿಕೊಂಡಿತು. 2021ರಲ್ಲಿ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' ಬಂತು. ಇಬ್ಬರು ಗೆಳೆಯರು ವೈರಿಗಳಾಗುವ ಆ ಕಥೆ ನೋಡುತ್ತ ನಮ್ಮ ಕಡೆಯವರಿಗೆ ಸಂಗ್ಯಾ ಬಾಳ್ಯಾ ನೆನಪಾದರೆ ಆಶ್ಚರ್ಯವಿಲ್ಲ!

ಮಲ್ಪೆಯ ಮಾತು, ಮಂಗಳೂರಿನ ಮಾತು ತೆರೆಯ ಮೇಲೆ ಹೀರೋ ಆಯಿತು. ಸಂತೋಷ. ಮಲಪ್ರಭೆಯ ದಂಡೆಯ ನಮ್ಮ ಮಾತು? ಇನ್ನೂ ಹೆಚ್ಚಾಗಿ ಕಾಮಿಡಿ ಪಾತ್ರದ ಬಾಯಲ್ಲೇ ಇದೆ. "ಏನ್ರೀ ಯಪ್ಪಾ" ಎಂದರೆ ಸಾಕು, ಥಿಯೇಟರು ನಗಬೇಕು! ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು 2017ರಲ್ಲಿ ತೀರಿಕೊಳ್ಳುವ ತನಕ ನೂರು ದಾಟಿದ ಬಾಳು ಬಾಳಿದರು. ಇದೇ ನೆಲದ ಮಾತಿನಲ್ಲಿ ಕಂಪನಿ ನಾಟಕ ಕಟ್ಟಿ ಊರೂರು ಅಳಿಸಿದರು, ನಗಿಸಿದರು. ಈ ಮಾತಿಗೆ ಅಳಲೂ ಬರುತ್ತದೆ, ಹೆದರಿಸಲೂ ಬರುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ನಿರ್ಮಾಪಕ ಮಹಾಶಯರೇ, ಕಥೆ ಹುಡುಕಲು ಕೊರಿಯಾದ ಡಿ.ವಿ.ಡಿ. ಬೇಡ. ಬೆಳಗಾವಿಗೆ ಬಂದು ಬೈಲಹೊಂಗಲದ ಬಸ್ಸು ಹತ್ತಿ. ಈ ಸಲ ಕ್ಯಾಮೆರಾವನ್ನು ಸಂಗ್ಯಾನ ಹೆಗಲ ಮೇಲಿಂದ ಇಳಿಸಿ ಗಂಗಿಯ ಮನೆಯ ಹೊಸ್ತಿಲ ಒಳಗಡೆ ಇಟ್ಟು ನೋಡಿ. ಅಲ್ಲಿಂದ ಕಾಣುವ ಥ್ರಿಲ್ಲರ್ ಬೇರೆಯೇ ಇದ್ದೀತು!

ಅಲ್ಲಿಯ ತನಕ, ಅಭಿಮಾನಿ ಮಿತ್ರರೇ, ನಿಮ್ಮೂರ ಜಾತ್ರೆಯಲ್ಲಿ ಈ ಆಟ ಹೂಡಿದರೆ ತಪ್ಪದೆ ಹೋಗಿ. ಸಂಗ್ಯಾ ಹಾಡಿದಾಗ ಸೀಟಿ ಹೊಡೆಯುವುದಿದ್ದರೆ ಹೊಡೆಯಿರಿ. ಗಂಗಿ 'ಬೇಡ' ಎನ್ನುವಾಗ ಮಾತ್ರ ಕಿವಿಗೊಟ್ಟು ಕೇಳಿ. ಬೆಳಗಾದ ಮೇಲೆ ಚಹಾದಂಗಡಿಯಲ್ಲಿ ಕೂತು ಹೇಳಿ, ನಿಮ್ಮದು ಯಾವ ಪಕ್ಷ?