ದಾಳದ ಮೈದಾನದಲ್ಲಿ ಬೇಸ್ ಕಳವು

ಕಳವು ಎಂಬ ಮಾತಿಗೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಆದರೆ ಅಮೆರಿಕದ ಜನಪ್ರಿಯ ಕ್ರೀಡೆಯಾದ ಬೇಸ್‌ಬಾಲಿನಲ್ಲಿ ಕಳವು ನಿಯಮಬದ್ಧವಾದುದು. ಅದರಲ್ಲಿ ನಿಪುಣನಾದವನನ್ನು ಸಾವಿರಾರು ಪ್ರೇಕ್ಷಕರು ಎದ್ದುನಿಂತು ಕೊಂಡಾಡುತ್ತಾರೆ. ಆ ದೇಶದಲ್ಲಿ ಇದೇ ಕ್ರೀಡೆಯನ್ನು ಮೇಜಿನ ಮೇಲೆ ಕಾರ್ಡು ಮತ್ತು ದಾಳಗಳಿಂದ ಆಡುವ ರೂಢಿಯೂ ಬಹುಕಾಲದಿಂದ ಇದೆ. ಓಡುವ ಕಾಲಾಗಲಿ ಎಸೆಯುವ ತೋಳಾಗಲಿ ಇಲ್ಲದ ಈ ಪುಟ್ಟ ಮೈದಾನದಲ್ಲಿ ಕಳವು ನಡೆಯುವುದಾದರೂ ಹೇಗೆ? ಈ ಪ್ರಶ್ನೆಯನ್ನು ಹಿಂಬಾಲಿಸಿ ಹೊರಟರೆ ನಾವು ಸಂಭವನೀಯತಾ ಗಣಿತದ ಒಂದು ಸ್ವಾರಸ್ಯವಾದ ಸಮಸ್ಯೆಗೆ ಬಂದು ಸೇರುತ್ತೇವೆ.

ಕಳವು ಎಂದರೇನು?

ಬೇಸ್‌ಬಾಲ್ ಮೈದಾನದ ಒಳಭಾಗ ಒಂದು ಚೌಕ. ಅದರ ನಾಲ್ಕು ಮೂಲೆಗಳೇ ನಾಲ್ಕು ಬೇಸುಗಳು. ಒಂದರಿಂದ ಮತ್ತೊಂದಕ್ಕೆ ೯೦ ಅಡಿ ದೂರ. ಚೆಂಡನ್ನೆಸೆಯುವವನು ಪಿಚರ್, ದಾಂಡಿಗನ ಹಿಂದೆ, ನಮ್ಮ ಕ್ರಿಕೆಟ್ಟಿನ ವಿಕೆಟ್ ರಕ್ಷಕನಂತೆ, ಕುಳಿತು ಅದನ್ನು ಹಿಡಿಯುವವನು ಕ್ಯಾಚರ್. ಮೊದಲನೆಯ ಬೇಸನ್ನು ಮುಟ್ಟಿದ ಓಟಗಾರನು ಸಾಮಾನ್ಯವಾಗಿ ಮುಂದಿನ ದಾಂಡಿಗನ ಹೊಡೆತಕ್ಕಾಗಿ ಕಾದಿರುತ್ತಾನೆ. ಹಾಗೆ ಕಾಯದೆ, ಪಿಚರನು ಎಸೆಯಲು ತೊಡಗಿದ ಕ್ಷಣದಲ್ಲಿಯೇ ಎರಡನೆಯ ಬೇಸಿಗೆ ಓಡಿ ಸೇರಿಕೊಂಡರೆ ಅದು ಕಳವು. ಅವನು ಬೇಸನ್ನು ಮುಟ್ಟುವ ಮುನ್ನ ಎದುರಾಳಿಯು ಚೆಂಡನ್ನು ಪಡೆದು ಅವನಿಗೆ ತಗುಲಿಸಿದರೆ ಅವನು ಔಟ್.

ಇಲ್ಲಿ ನಡೆಯುವ ಸ್ಪರ್ಧೆ ಕಾಲದ ಸ್ಪರ್ಧೆ. ಪಿಚರನು ಎಸೆಯಲು ತೊಡಗಿದಂದಿನಿಂದ ಚೆಂಡು ಕ್ಯಾಚರನ ಕೈ ಸೇರಲು ಸುಮಾರು ೧.೩ ಸೆಕೆಂಡು ಬೇಕು. ಅವನ ಕೈಯಿಂದ ಎರಡನೆಯ ಬೇಸಿಗೆ ತಲುಪಲು ಸುಮಾರು ೨ ಸೆಕೆಂಡು. ಒಟ್ಟು ೩.೩ ಸೆಕೆಂಡು. ಇಷ್ಟೇ ಅವಧಿಯಲ್ಲಿ ಓಟಗಾರನು ತನ್ನ ದಾರಿಯನ್ನು ಮುಗಿಸಬೇಕು. ಅದಕ್ಕಾಗಿ ಅವನು ಚೆಂಡನ್ನೆಸೆಯುವ ಮೊದಲೇ ಬೇಸನ್ನು ಬಿಟ್ಟು ಹಲವು ಅಡಿ ಮುಂದೆ ಸರಿದು ನಿಂತಿರುತ್ತಾನೆ. ಇದನ್ನು 'ಲೀಡ್' ಎನ್ನುತ್ತಾರೆ. ನಾವು ಮುನ್ನಡೆ ಎನ್ನೋಣ. ತೀರ ಮುಂದೆ ಸರಿದರೆ ಪಿಚರನು ಥಟ್ಟನೆ ತಿರುಗಿ ಮೊದಲನೆಯ ಬೇಸಿಗೇ ಚೆಂಡನ್ನೆಸೆದು ಅವನನ್ನು ಹಿಡಿಸಿಬಿಡಬಹುದು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ವೇಗದ ಓಟಗಾರನು ಎರಡೂವರೆ ಅಡಿ ಕ್ರಮಿಸುವನು. ಆದುದರಿಂದ ಓಟಗಾರನ ಕಾಲು, ಪಿಚರನ ಎಚ್ಚರ, ಕ್ಯಾಚರನ ತೋಳು ಈ ಮೂರರಲ್ಲಿ ಯಾವುದನ್ನೂ ಲೆಕ್ಕದಿಂದ ಬಿಡುವಂತಿಲ್ಲ.

ಕಾರ್ಡಿನಲ್ಲಿ ಆಟಗಾರ

೧೯೫೧ರಲ್ಲಿ ಡಿಕ್ ಸೈಟ್ಸ್ ಎಂಬವರು 'ಆಪ್‌ಬಾ' ಎಂಬ ಆಟವನ್ನು ಪ್ರಕಟಿಸಿದರು. ಹತ್ತು ವರ್ಷಗಳ ತರುವಾಯ, ೧೯೬೧ರಲ್ಲಿ, ಹಾಲ್ ರಿಚ್‌ಮನ್ನರ 'ಸ್ಟ್ರಾಟ್-ಓ-ಮ್ಯಾಟಿಕ್' ಮಾರಾಟಕ್ಕೆ ಬಂದಿತು. ರಿಚ್‌ಮನ್ನರು ಬಾಲಕರಾಗಿದ್ದಾಗಲೇ ದಾಳಗಳನ್ನು ಮತ್ತೆ ಮತ್ತೆ ಉರುಳಿಸಿ, ಯಾವ ಮೊತ್ತ ಎಷ್ಟು ಬಾರಿ ಬರುವುದೆಂದು ಪರೀಕ್ಷಿಸಲಾರಂಭಿಸಿದ್ದರು. ಈ ಆಟಗಳಲ್ಲಿ ನಿಜವಾದ ಪ್ರತಿಯೊಬ್ಬ ಆಟಗಾರನಿಗೂ ಒಂದು ಕಾರ್ಡು. ಆತನು ಒಂದು ವರ್ಷದಲ್ಲಿ ಮೈದಾನದಲ್ಲಿ ಸಾಧಿಸಿದುದರ ಅಂಕಿಗಳೇ ಆ ಕಾರ್ಡಿನ ಮೂಲಧನ.

ಸ್ಟ್ರಾಟ್-ಓ-ಮ್ಯಾಟಿಕ್‌ನ ಮುಂದುವರಿದ ನಿಯಮಗಳಲ್ಲಿ ಕಳವು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಎರಡು ದಾಳಗಳನ್ನು ಉರುಳಿಸಬೇಕು. ಓಟಗಾರನ ಕಾರ್ಡಿನಲ್ಲಿ ಕೆಲವು ಮೊತ್ತಗಳನ್ನು ಬರೆದಿರುತ್ತದೆ. ಅವುಗಳಲ್ಲಿ ಒಂದು ಬಿದ್ದರೆ ಅವನಿಗೆ ಒಳ್ಳೆಯ ಮುನ್ನಡೆ ದೊರೆಯಿತೆಂದು ಅರ್ಥ. ಅನಂತರದ ಹಂತಕ್ಕಾಗಿ ಕಾರ್ಡಿನಲ್ಲಿ ಇನ್ನೆರಡು ಸಂಖ್ಯೆಗಳಿವೆ: ಮೊದಲನೆಯದು ಮುನ್ನಡೆ ದೊರೆತಾಗ, ಎರಡನೆಯದು ದೊರೆಯದಿದ್ದಾಗ. ಈಗ ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಬೇಕು. ಬಿದ್ದ ಅಂಕಿಯು ಆ ಸಂಖ್ಯೆಗೆ ಸಮನಾಗಿದ್ದರೆ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಳವು ಸಫಲ, ಹೆಚ್ಚಾದರೆ ಔಟ್. ಪಿಚರನ ಎಚ್ಚರಕ್ಕೂ ಕ್ಯಾಚರನ ತೋಳಿಗೂ ಬೇರೆ ಬೇರೆ ಅಂಕಗಳುಂಟು. ಅವರು ಸಮರ್ಥರಾದರೆ ಆ ಅಂಕಗಳು ಋಣವಾಗಿದ್ದು ಓಟಗಾರನ ಸಂಖ್ಯೆಯನ್ನು ಇಳಿಸುತ್ತವೆ. ದುರ್ಬಲರಾದರೆ ಧನವಾಗಿದ್ದು ಏರಿಸುತ್ತವೆ. ಮೈದಾನದ ಮೂರು ಶಕ್ತಿಗಳೂ ಹೀಗೆ ಮೇಜಿನ ಮೇಲೆ ಬಂದು ಸೇರಿದುವು.

ಒಂದು ಲೆಕ್ಕ

ಕಲ್ಪಿತ ಓಟಗಾರನೊಬ್ಬನನ್ನು ತೆಗೆದುಕೊಳ್ಳೋಣ. ಅವನಿಗೆ ಮುನ್ನಡೆ ತರುವ ಮೊತ್ತಗಳು ೨ರಿಂದ ೭. ಕಳವಿನ ಸಂಖ್ಯೆಗಳು ೧೭ ಮತ್ತು ೯. ಎರಡು ದಾಳಗಳು ಒಟ್ಟು ೩೬ ರೀತಿಗಳಲ್ಲಿ ಬೀಳಬಲ್ಲುವು. ೨ ಎಂಬ ಮೊತ್ತ ಒಂದೇ ರೀತಿಯಲ್ಲಿ, ೩ ಎರಡು ರೀತಿಗಳಲ್ಲಿ, ಹೀಗೆ ಏರುತ್ತ ೭ ಆರು ರೀತಿಗಳಲ್ಲಿ ಬರುತ್ತದೆ. ಇವೆಲ್ಲವನ್ನೂ ಕೂಡಿದರೆ ೨೧. ಎಂದರೆ ಮುನ್ನಡೆ ದೊರೆಯುವ ಸಂಭವ ೩೬ರಲ್ಲಿ ೨೧, ಸುಮಾರು ಶೇಕಡಾ ೫೮. ಮುನ್ನಡೆ ದೊರೆತಾಗ ಕಳವು ಸಫಲವಾಗುವ ಸಂಭವ ೨೦ರಲ್ಲಿ ೧೭, ಶೇಕಡಾ ೮೫. ದೊರೆಯದಿದ್ದಾಗ ೨೦ರಲ್ಲಿ ೯, ಶೇಕಡಾ ೪೫ ಮಾತ್ರ. ಮುನ್ನಡೆ ದೊರೆಯಲಿ ಬಿಡಲಿ, ಪ್ರತಿಸಲವೂ ಓಡಿಸಿದರೆ ಒಟ್ಟಿನ ಸಾಫಲ್ಯ ಶೇಕಡಾ ೬೮ರಷ್ಟಾಗುತ್ತದೆ.

ಮೂರರಲ್ಲಿ ಎರಡು ಸಲ ಗೆಲ್ಲುವುದೆಂದರೆ ಸಾಮಾನ್ಯವೇ ಎಂದು ವಾಚಕರು ಕೇಳಬಹುದು. ಉತ್ತರಕ್ಕೆ ಲಾಭನಷ್ಟಗಳನ್ನು ತೂಗಿ ನೋಡಬೇಕು. ಅಮೆರಿಕದ ಪ್ರಧಾನ ಲೀಗುಗಳಲ್ಲಿ ೨೦೧೦ರಿಂದ ೨೦೧೫ರವರೆಗೆ ನಡೆದ ಪಂದ್ಯಗಳ ಸರಾಸರಿ ಹೀಗಿದೆ: ಯಾರೂ ಔಟಾಗದೆ ಮೊದಲನೆಯ ಬೇಸಿನಲ್ಲಿ ಒಬ್ಬನಿದ್ದಾಗ ತಂಡವು ಆ ಸರದಿಯಲ್ಲಿ ಮುಂದೆ ಗಳಿಸುವ ರನ್ನು ಸುಮಾರು ೦.೮೬, ಅವನು ಎರಡನೆಯ ಬೇಸಿನಲ್ಲಿದ್ದರೆ ೧.೧೦, ಅವನು ಔಟಾಗಿ ಬೇಸುಗಳೆಲ್ಲ ಬರಿದಾದರೆ ೦.೨೫. ಆದುದರಿಂದ ಕಳವು ಫಲಿಸಿದರೆ ಲಾಭ ೦.೨೪, ಕೆಟ್ಟರೆ ನಷ್ಟ ೦.೬೧. ನಷ್ಟವು ಲಾಭದ ಎರಡೂವರೆ ಪಾಲು! ಲಾಭನಷ್ಟಗಳು ಸರಿತೂಗಬೇಕಾದರೆ ೦.೬೧ನ್ನು ೦.೮೫ರಿಂದ ಭಾಗಿಸಿದಷ್ಟು, ಎಂದರೆ ಶೇಕಡಾ ೭೨ರಷ್ಟು, ಸಾಫಲ್ಯ ಬೇಕು. ನಮ್ಮ ಓಟಗಾರನ ಶೇಕಡಾ ೬೮ ಸಾಲದು. ಅವನನ್ನು ಸದಾ ಓಡಿಸುವ ತಂಡನಾಯಕನು ಮೂರರಲ್ಲಿ ಎರಡು ಸಲ ಗೆಲ್ಲುತ್ತಲೇ ಒಟ್ಟಿನಲ್ಲಿ ಸೋಲುತ್ತಿರುತ್ತಾನೆ. ಮುನ್ನಡೆ ದೊರೆತಾಗ ಮಾತ್ರ ಓಡಿಸುವವನಿಗೆ ಶೇಕಡಾ ೮೫ರ ಸಾಫಲ್ಯ, ನಿಶ್ಚಿತ ಲಾಭ. ಆದರೆ ಎದುರಿನ ಕ್ಯಾಚರನ ಅಂಕ ಋಣ ೩, ಪಿಚರನ ಅಂಕ ಋಣ ೧ ಆಗಿದ್ದರೆ ೧೭ ಇಳಿದು ೧೩ ಆಗುತ್ತದೆ. ಸಂಭವ ಶೇಕಡಾ ೬೫ಕ್ಕೆ ಕುಸಿಯುತ್ತದೆ. ಆಗ ಒಳ್ಳೆಯ ಮುನ್ನಡೆ ದೊರೆತರೂ ಸುಮ್ಮನಿರುವುದೇ ಜಾಣತನ. ಪಂದ್ಯದ ಕೊನೆಯಲ್ಲಿ ಒಂದೇ ರನ್ನಿನ ಅಗತ್ಯವಿದ್ದಾಗ ಈ ತೂಕ ಬದಲಾಗುತ್ತದೆಂಬುದನ್ನೂ ನೆನಪಿಡಬೇಕು.

ಎರಡು ಹಂತಗಳೇಕೆ?

ವರ್ಷದಲ್ಲಿ ನೂರಕ್ಕೆ ಎಂಬತ್ತೈದು ಸಲ ಗೆದ್ದವನಿಗೆ ನೇರವಾಗಿ ೧೭ ಎಂಬ ಸಂಖ್ಯೆಯೊಂದನ್ನೇ ಕೊಟ್ಟು ಮುಗಿಸಬಹುದಿತ್ತಲ್ಲವೇ ಎಂದು ತೋರಬಹುದು. ಇಲ್ಲಿಯೇ ಇರುವುದು ಅಂಕಿಸಂಖ್ಯೆಗಳ ಒಂದು ಬಲೆ. ನಿಜವಾದ ಓಟಗಾರನು ಬೇಸನ್ನು ಸೇರಿದಾಗಲೆಲ್ಲ ಓಡಲಿಲ್ಲ. ಪಿಚರನು ಮೈಮರೆತದ್ದನ್ನು, ಕ್ಯಾಚರನ ತೋಳು ಸೋತದ್ದನ್ನು ಕಂಡು, ತಾನು ಆರಿಸಿಕೊಂಡ ಸಮಯದಲ್ಲಿ ಓಡಿದನು. ಆ ಶೇಕಡಾ ೮೫ ಆರಿಸಿದ ಸಂದರ್ಭಗಳ ಫಲ. ಅದನ್ನು ಎಲ್ಲ ಸಂದರ್ಭಗಳಿಗೂ ಹಂಚಿಬಿಟ್ಟರೆ ಮೇಜಿನ ಮುಂದಿನ ನಾಯಕನು ಅವನನ್ನು ಪ್ರತಿಸಲವೂ ಓಡಿಸುವನು. ಮೈದಾನದಲ್ಲಿ ಎಂದೂ ಕಾಣದ ಕಳವುಗಳ ಸುರಿಮಳೆಯಾಗುವುದು. ಮೊದಲ ಉರುಳು ಸಂದರ್ಭವನ್ನು ಒದಗಿಸುತ್ತದೆ. ಎರಡನೆಯದು ಸಾಫಲ್ಯವನ್ನು ನಿರ್ಣಯಿಸುತ್ತದೆ. ಇವೆರಡರ ನಡುವೆ ಆಡುವವನ ವಿವೇಕಕ್ಕೆ ಸ್ಥಳವಿದೆ.

ಕಳವುಗಳ ಎಣಿಕೆಯೊಂದೇ ನಿಪುಣತೆಯ ಅಳತೆಯಲ್ಲವೆಂಬುದು ದಾಖಲೆಗಳಿಂದಲೂ ತಿಳಿಯುತ್ತದೆ. ೧೯೬೨ರಲ್ಲಿ ಮೌರಿ ವಿಲ್ಸ್ ೧೦೪ ಬೇಸುಗಳನ್ನು ಕದ್ದು ೧೩ ಸಲ ಸಿಕ್ಕಿಬಿದ್ದರು. ೧೯೮೨ರಲ್ಲಿ ರಿಕಿ ಹೆಂಡರ್‌ಸನ್ ೧೩೦ ಬೇಸುಗಳನ್ನು ಕದ್ದು ೪೨ ಸಲ ಸಿಕ್ಕಿಬಿದ್ದರು. ಪ್ರತಿಯೊಂದು ಕಳವಿಗೂ ಮೇಲಿನ ಮೌಲ್ಯಗಳೇ ಸಲ್ಲುತ್ತವೆಂದು ಭಾವಿಸಿ ಸ್ಥೂಲವಾಗಿ ಗುಣಿಸಿದರೆ, ವಿಲ್ಸರ ನಿವ್ವಳ ಲಾಭ ಸುಮಾರು ೧೭ ರನ್ನು. ಹೆಂಡರ್‌ಸನ್ನರದು ಐದೂವರೆ ಮಾತ್ರ. ಇಪ್ಪತ್ತಾರು ಹೆಚ್ಚಿನ ಕಳವುಗಳ ಗಳಿಕೆಯನ್ನು ಇಪ್ಪತ್ತೊಂಬತ್ತು ಹೆಚ್ಚಿನ ಔಟುಗಳು ನುಂಗಿಹಾಕಿದುವು.

ಮೈದಾನದ ನಿಯಮ ಬದಲಾದರೆ ಕಾರ್ಡುಗಳ ಅಂಕಿಗಳೂ ಬದಲಾಗಬೇಕು. ೨೦೨೩ರಲ್ಲಿ ಪ್ರಧಾನ ಲೀಗುಗಳು ಬೇಸಿನ ಅಗಲವನ್ನು ೧೫ ಅಂಗುಲದಿಂದ ೧೮ಕ್ಕೆ ಏರಿಸಿದುವು. ಇದರಿಂದ ಮೊದಲೆರಡು ಬೇಸುಗಳ ಅಂತರ ನಾಲ್ಕೂವರೆ ಅಂಗುಲ ತಗ್ಗಿತು. ಪಿಚರನು ಓಟಗಾರನನ್ನು ತಡೆಯಲು ಮಾಡುವ ಯತ್ನಗಳಿಗೂ ಮಿತಿ ಬಂದಿತು. ೨೦೨೨ರಲ್ಲಿ ೨,೪೮೬ ಇದ್ದ ಕಳವುಗಳು ಆ ವರ್ಷ ೩,೫೦೩ಕ್ಕೆ ಏರಿದುವು.

ಮನೆಯಲ್ಲೇ ಪರೀಕ್ಷೆ

ಈ ಲೆಕ್ಕವನ್ನು ವಾಚಕರು ತಾವೇ ಪರೀಕ್ಷಿಸಬಹುದು. ಎರಡು ದಾಳಗಳೂ, ೧ರಿಂದ ೨೦ರವರೆಗೆ ಬರೆದ ಕಾಗದದ ಚೀಟಿಗಳೂ ಸಾಕು. ಸ್ಟ್ರಾಟ್-ಓ-ಮ್ಯಾಟಿಕ್ ಆಟದಲ್ಲಿಯೂ ಮೊದಲು ಇಪ್ಪತ್ತು ಮುಖಗಳ ದಾಳಕ್ಕೆ ಬದಲಾಗಿ ಇಂತಹ ಇಪ್ಪತ್ತು ಎಲೆಗಳೇ ಇದ್ದುವು. ಮೇಲಿನ ಕಲ್ಪಿತ ಓಟಗಾರನನ್ನು ನೂರು ಸಲ ಎಡೆಬಿಡದೆ ಓಡಿಸಿ ನೋಡಿ. ಪ್ರತಿಯೊಂದು ಗೆಲುವಿಗೆ ೨೪ ಅಂಕ ಕೂಡಿಸಿ, ಪ್ರತಿಯೊಂದು ಸೋಲಿಗೆ ೬೧ ಕಳೆಯಿರಿ. ಅನಂತರ ಮುನ್ನಡೆ ದೊರೆತಾಗ ಮಾತ್ರ ಓಡಿಸಿ ಅಷ್ಟೇ ಸಲ ಆಡಿರಿ. ಮೊದಲ ಹತ್ತು ಸರದಿಗಳಲ್ಲಿ ಅದೃಷ್ಟ ಹೇಗೆ ಬೇಕಾದರೂ ಹೊರಳೀತು. ಆದರೆ ನೂರು ಮುಗಿಯುವ ಹೊತ್ತಿಗೆ ಎರಡು ಪಟ್ಟಿಗಳ ಅಂತರ ಬಹುಮಟ್ಟಿಗೆ ಸ್ಪಷ್ಟವಾಗಿ ತೋರುವುದು. ದಾಳ ಎರಡು ಸಲವೂ ಅದೇ ದಾಳ, ಓಟಗಾರನೂ ಅವನೇ. ಬದಲಾದುದು ಯಾವಾಗ ಓಡಬಾರದೆಂಬ ನಮ್ಮ ತಿಳಿವಳಿಕೆ ಮಾತ್ರ.