ರಾಜರ ಕಾಲದಲ್ಲಿ ಕೊಡಗಿನ ಮಕ್ಕಳು ಸುರಕ್ಷಿತವಾಗಿದ್ದರೇ?

"ಹಿಂದೆಲ್ಲ ಮಕ್ಕಳ ಮೇಲೆ ದೌರ್ಜನ್ಯ ಎಂಬುದೇ ಇರಲಿಲ್ಲ, ಇದೆಲ್ಲ ಮೊಬೈಲ್ ಕಾಲದ ಕೊಡುಗೆ." ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ನಿಜವೇ? ನೋಡೋಣ.

ಹಳೆಯ ಕಾನೂನು ಏನು ಹೇಳುತ್ತದೆ?

ತಪ್ಪು ಮಾಡಿದ ಮಗ, ಶಿಷ್ಯ ಅಥವಾ ದಾಸನನ್ನು ಹಗ್ಗದಿಂದಲೋ ಬಿದಿರಿನ ಸೀಳಿನಿಂದಲೋ ಹೊಡೆಯಬಹುದು ಎನ್ನುತ್ತದೆ ಮನುಸ್ಮೃತಿ. ಆದರೆ ಬೆನ್ನಿಗೆ ಮಾತ್ರ. ತಲೆಗೆ ಹೊಡೆದವನು ಕಳ್ಳನಷ್ಟೇ ತಪ್ಪಿತಸ್ಥ. ಮಿತಿ ಮೀರುವವರು ಇದ್ದುದರಿಂದಲೇ ಇಂಥ ನಿಯಮ ಬೇಕಾಯಿತು. ಎಳೆಯ ವಾರಸುದಾರನ ಆಸ್ತಿಯನ್ನು ಅವನು ದೊಡ್ಡವನಾಗುವವರೆಗೆ ರಾಜನೇ ಕಾಯಬೇಕು ಎಂದೂ ಅದು ಹೇಳುತ್ತದೆ. ಅಂದರೆ ಮಕ್ಕಳ ರಕ್ಷಣೆಯ ಯೋಚನೆಯೂ ಹಳೆಯದೇ.

ಆದರೆ ಆ ರಕ್ಷಣೆ ಎಲ್ಲ ಮಕ್ಕಳಿಗೂ ಇರಲಿಲ್ಲ. ಸುಮಾರು 900 ವರ್ಷಗಳ ಹಿಂದೆ ಕಲ್ಯಾಣದಲ್ಲಿ (ಇಂದಿನ ಬಸವಕಲ್ಯಾಣ) ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದಲ್ಲಿ ದಾಸರ 15 ಬಗೆಗಳಿವೆ. ಮನೆಯ ದಾಸಿಗೆ ಹುಟ್ಟಿದ ಮಗುವೂ ಅದರಲ್ಲಿ ಒಂದು.

ಕೊಡಗಿನಲ್ಲಿ ಹೇಗಿತ್ತು?

ಕೊಡವರ ಒಕ್ಕದಲ್ಲಿ ಆಸ್ತಿ ಇಡೀ ಕುಟುಂಬದ್ದು. ಅಪ್ಪ ತೀರಿಕೊಂಡರೂ ಮಗುವಿಗೆ ಐನ್‌ಮನೆಯ ಆಸರೆ ಇರುತ್ತಿತ್ತು. ಅದೇ ಒಕ್ಕದ ಗದ್ದೆಯಲ್ಲಿ ದುಡಿಯುತ್ತಿದ್ದ ಜಮ್ಮದ ಆಳಿನ ಮಗು ಹುಟ್ಟುತ್ತಲೇ ಆಳು. ಕೊಡಗು 1834ರಲ್ಲಿ ಬ್ರಿಟಿಷರ ಕೈಸೇರಿತು. ಗುಲಾಮರ ಮೇಲಿನ ಒಡೆತನಕ್ಕೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ ಕಾಯ್ದೆಯಿಂದ.

ಅರಮನೆಯ ಮಗುವಿನ ಕಥೆಯೂ ಹೀಗೆಯೇ. 1809ರಲ್ಲಿ ದೊಡ್ಡವೀರರಾಜೇಂದ್ರ ತೀರಿಕೊಂಡಾಗ ಪಟ್ಟ ಎಳೆಯ ಮಗಳು ದೇವಮ್ಮಾಜಿಗೆ ಬಂತು. ಎರಡು ವರ್ಷಗಳಲ್ಲಿ ಚಿಕ್ಕಪ್ಪ ಲಿಂಗರಾಜನೇ ರಾಜನಾದ. ಮಗುವಿನ ಆಸ್ತಿ ಕಾಯಬೇಕಾದವನೇ ಅದನ್ನು ಕಸಿದುಕೊಂಡರೆ ದೂರು ಕೊಡುವುದು ಯಾರಿಗೆ?

ಹಾಗಾದರೆ ದಾಖಲೆಗಳು ಏಕೆ ಕಡಿಮೆ?

ಶಾಸನಗಳು ದಾನ, ಯುದ್ಧ, ಗಡಿಗಳ ಬಗ್ಗೆ ಹೇಳುತ್ತವೆ. ಮನೆಯೊಳಗೆ ಮಗುವಿಗೆ ಬಿದ್ದ ಏಟನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ದಾಖಲೆ ಇಲ್ಲ ಎಂದರೆ ದೌರ್ಜನ್ಯ ಇರಲಿಲ್ಲ ಎಂದಲ್ಲ.

ನಮ್ಮ ತೀರ್ಮಾನ: ಸಂದೇಶ ಸುಳ್ಳು. "ಹಿಂದಿನವರಿಗೆ ಮಕ್ಕಳೆಂದರೆ ಪ್ರೀತಿಯೇ ಇರಲಿಲ್ಲ" ಎಂಬುದೂ ಅಷ್ಟೇ ಸುಳ್ಳು. ಬದಲಾಗಿರುವುದು ಒಂದು: ಈಗ ಮನೆಯ ಹೊರಗೂ ಕೇಳುವವರಿದ್ದಾರೆ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಹುಡುಗ, ಹುಡುಗಿಯರಿಗೂ ಅನ್ವಯಿಸುತ್ತದೆ. ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಯಾವುದೇ ಮಗು ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಿ.

ಇನ್ನೊಂದು ಮಾತು: ದೌರ್ಜನ್ಯಕ್ಕೊಳಗಾದ ಮಗುವಿನ ಫೋಟೊ, ಹೆಸರು, ವಿಡಿಯೊ ನಿಮ್ಮ ಗುಂಪಿಗೆ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಮಗುವಿನ ಗುರುತು ಬಯಲು ಮಾಡುವುದೂ ಅಪರಾಧವೇ.