ನಿಮಗಿದು ಗೊತ್ತೇ? ಮೂಗಿನ ಆಪರೇಷನ್ನಿಗೆ ಅಂಕ ಕೊಡುವವರು ರೋಗಿಗಳೇ!

ಮೂಗಿನ ಆಪರೇಷನ್ ಪಾಸೋ ಫೇಲೋ, ಹೇಳುವವರು ಯಾರು? ಡಾಕ್ಟರೇ? ಸ್ಕ್ಯಾನೇ? ಇವರಷ್ಟೇ ಅಲ್ಲ, ಮೂಗಿನ ಯಜಮಾನರೂ ಹೌದು! ಅವರ ಕೈಗೇ ಒಂದು ಪ್ರಶ್ನೆಪತ್ರಿಕೆ ಕೊಡುತ್ತಾರೆ. ಆಪರೇಷನ್ನಿಗೆ ಮೊದಲೊಮ್ಮೆ, ಆದಮೇಲೊಮ್ಮೆ.

2004ರಲ್ಲಿ ಅಮೆರಿಕದಲ್ಲಿ ಬಂದ ‘ನೋಸ್’ ಪತ್ರಿಕೆಯಲ್ಲಿ ಐದೇ ಪ್ರಶ್ನೆ. ಮೂಗು ಬಿಗಿಯುತ್ತದೆಯೇ? ಕಟ್ಟುತ್ತದೆಯೇ? ಮೂಗಲ್ಲಿ ಉಸಿರಾಡೋದು ಕಷ್ಟವೇ? ನಿದ್ದೆಗೆ ತೊಂದರೆಯೇ? ಮೈ ದಣಿಯುವ ಕೆಲಸ ಮಾಡುವಾಗ ಮೂಗಿನಿಂದ ಗಾಳಿ ಸಾಲುವುದಿಲ್ಲವೇ? ಒಂದೊಂದಕ್ಕೂ 0ಯಿಂದ 4 ಅಂಕ. ಕೂಡಿಸಿ, 5ರಿಂದ ಗುಣಿಸಿ. ನೂರಕ್ಕೆ ನೂರು ಬಂತೇ? ಹಿಗ್ಗಬೇಡಿ, ಇಲ್ಲಿ ಸೊನ್ನೆ ತೆಗೆದವರೇ ಫಸ್ಟ್!

ಈ ಪತ್ರಿಕೆ ಕೇಳುವುದು ಹೋದ ಒಂದು ತಿಂಗಳ ಕಥೆ. ಒಳ್ಳೆಯದೇ ಆಯಿತು. ಏಕೆಂದರೆ ಬಹಳ ಜನರ ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಪಾಳಿ ಬದಲಿಸುತ್ತವೆ. ಒಂದು ಬಿಗಿ, ಇನ್ನೊಂದು ಸಲೀಸು. ಬೆರಳಿಟ್ಟು ನೋಡಿ, ಈಗ ನಿಮ್ಮದು ಯಾವ ಕಡೆ?

ಮೂಗಿಗೆ ಅನ್ನಿಸುವುದೂ ಯಂತ್ರ ಹೇಳುವುದೂ ಯಾವಾಗಲೂ ಒಂದೇ ಅಲ್ಲ. ಪುದೀನ ಹರಳು ಮೂಸಿದರೆ ಮೂಗು ಬಿಟ್ಟುಕೊಂಡ ಹಾಗಾಗುತ್ತದಲ್ಲ? ಯಂತ್ರವಿಟ್ಟು ಅಳೆದರೆ ಗಾಳಿಯ ದಾರಿ ಒಂದಿಷ್ಟೂ ಅಗಲವಾಗಿರುವುದಿಲ್ಲ! ತಂಪನ್ನು ಗುರುತಿಸುವ ನರಕ್ಕೆ ಬಿದ್ದ ಮರುಳು ಅದು.

ಇದರ ಉಲ್ಟಾ ಕೇಳಿ. ಮೂಗಿನೊಳಗಿನ ಮಡಿಕೆಗಳನ್ನು ಅತಿಯಾಗಿ ಕತ್ತರಿಸಿದರೆ, ದಾರಿ ಧಾರಾಳವಾಗಿದ್ದರೂ ಕೆಲವರಿಗೆ ಉಸಿರುಕಟ್ಟಿದಂತಾಗುತ್ತದೆ. ಪಾಪ, ಬಹಳ ಹಿಂಸೆ. ‘ಖಾಲಿ ಮೂಗು’ ಎಂಬ ಈ ಸಂಕಟಕ್ಕೇ ಬೇರೆ ಆರು ಪ್ರಶ್ನೆಗಳ ಪತ್ರಿಕೆಯಿದೆ!

ಸೈನಸ್ ತೊಂದರೆಯವರಿಗೆ ‘ಸ್ನಾಟ್-22’ ಎಂಬ ಪತ್ರಿಕೆ. ಪ್ರಶ್ನೆ 22, ಒಟ್ಟು ಅಂಕ 110. ಸೀನು, ಸಿಂಬಳ, ಕೆಮ್ಮು ಸರಿ. ಕಿವಿನೋವು, ತಲೆಸುತ್ತನ್ನೂ ಕೇಳುತ್ತಾರೆ. ಅಷ್ಟೇ ಅಲ್ಲ, ದುಃಖವಾಗುತ್ತದೆಯೇ, ಮುಜುಗರವಾಗುತ್ತದೆಯೇ ಎಂದೂ! ಮೂಗು ಕಟ್ಟಿ ರಾತ್ರಿಯೆಲ್ಲ ಹೊರಳಾಡಿದವರನ್ನೇ ಕೇಳಿ, ಈ ಪ್ರಶ್ನೆ ಎಷ್ಟು ಸರಿಯೆಂದು ಅವರೇ ಹೇಳುತ್ತಾರೆ.

ಮೂಗು ಸರಿಯಿದ್ದವರಿಗೂ ಇದರಲ್ಲಿ ಸುಮಾರು 7 ಅಂಕ ಬರುತ್ತದೆ. ‘ಪರವಾಗಿಲ್ಲ, ಹಗುರಾಯಿತು’ ಎಂದು ರೋಗಿಗೆ ಅನ್ನಿಸಬೇಕಾದರೆ ಹೆಚ್ಚುಕಡಿಮೆ 9 ಅಂಕ ಇಳಿಯಬೇಕು!

ಬ್ರಿಟನ್ನಿನಲ್ಲಿ ಮೂಗಿನ ನಡುಗೋಡೆ ಸೊಟ್ಟಗಿದ್ದ 378 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಸ್ಪ್ರೇ. ಆರು ತಿಂಗಳಾದ ಮೇಲೆ ಇದೇ 22 ಪ್ರಶ್ನೆ. 2023ರಲ್ಲಿ ಫಲಿತಾಂಶ ಹೊರಬಿತ್ತು. ಸ್ಪ್ರೇ ಗುಂಪಿನ ಸರಾಸರಿ 39.5, ಆಪರೇಷನ್ ಗುಂಪಿನದು 19.9. ಹತ್ತಿರ ಹತ್ತಿರ ಅರ್ಧಕ್ಕರ್ಧ!